ಅಂಟಿಲ್ಲದ ಕೋಟೆಗೆ ಅಂಟು

ಮೇ ತಿಂಗಳ ಮಟಮಟ ಮಧ್ಯಾಹ್ನ. ರಾಯಚೂರಿನ ಓಣಿಯಲ್ಲಿ ನಾಯಿಗಳೂ ಗಟಾರದ ತಂಪು ಹುಡುಕಿಕೊಂಡು ಮಲಗಿವೆ. ನಮ್ಮ ಮನೆಯೊಳಗೆ ಕೂಲರ್ ಗಾಳಿಗೆ ಥರ್ಮಾಕೋಲಿನ ಬಿಳಿ ಕಾಳು ಕೋಣೆ ತುಂಬ ಹಾರಾಡುತ್ತಿದೆ. ಮೇಜಿನ ಮೇಲೆ ಅರ್ಧ ಎದ್ದ ಕೋಟೆ. ಮಗಳ ಶಾಲೆಯ ಪ್ರದರ್ಶನಕ್ಕೆಂದು ಶುರುವಾದದ್ದು. ಪ್ರದರ್ಶನ ಮುಗಿದು ಮಗಳು ಅದನ್ನು ಮರೆತಳು, ಹುಚ್ಚು ನನಗೆ ಹಿಡಿಯಿತು.

ಮೊದಲ ಬುರುಜನ್ನು ನಾನೇ ಕೊಂದೆ. ಥರ್ಮಾಕೋಲಿನ ಎರಡು ತುಂಡಿನ ನಡುವೆ ಸೂಪರ್ ಗ್ಲೂ ಹನಿಸಿದೆ. ಹನಿ ಬಿದ್ದಲ್ಲಿ ಸಣ್ಣಗೆ ಸುರ್ ಎಂದಂತಾಯಿತು, ನೋಡನೋಡುತ್ತ ಗೋಲಿಯಷ್ಟು ಗುಳಿ. ಅಂಟೇ ಬುರುಜನ್ನು ತಿಂದಿತ್ತು. ಆ ದ್ರವಕ್ಕೆ ಪಾಲಿಸ್ಟೈರೀನನ್ನು ಕರಗಿಸುವ ಗುಣ ಇದೆಯೆಂದು ತಿಳಿದದ್ದು ಆಮೇಲೆ. ಅಂಗಡಿಯಲ್ಲಿ ನಾನು ಕೇಳಿದ್ದು ‘ಎಲ್ಲಕ್ಕಿಂತ ಗಟ್ಟಿ ಯಾವ್ದದ, ಅದನ್ನ ಕೊಡ್ರಿ’ ಎಂದು. ಪ್ರಶ್ನೆಯೇ ತಪ್ಪು. ಯಾವುದಕ್ಕೆ ಯಾವುದನ್ನು ಹಚ್ಚಬೇಕು, ಎಂಥ ಹವೆಯಲ್ಲಿ ಎಂದು ಕೇಳಬೇಕಿತ್ತು.

ಥರ್ಮಾಕೋಲಿಗೆ ನಮ್ಮ ಬಡಿಗೇರರ ಬಿಳಿ ಅಂಟೇ ಸೈ. 1959ರಿಂದ ಫೆವಿಕಾಲ್ ಹೆಸರಲ್ಲಿ ಮನೆಮಾತಾದದ್ದು. ಅದರೊಳಗಿನ ನೀರು ಆರಿದಂತೆ ಹಿಡಿತ ಬರುತ್ತದೆ. ಆದರೆ ಥರ್ಮಾಕೋಲ್ ನೀರು ಕುಡಿಯುವುದಿಲ್ಲವಲ್ಲ, ದಪ್ಪಗೆ ಬಳಿದರೆ ನಡುವೆ ನಾಲ್ಕು ದಿನ ಹಸಿಯೇ ಉಳಿಯುತ್ತದೆ. ತೆಳ್ಳಗೆ ಸವರಿ, ಗುಂಡುಪಿನ್ನು ಚುಚ್ಚಿ, ಒಂದು ರಾತ್ರಿ ಮುಟ್ಟದೆ ಬಿಡಬೇಕು. ಆ ಮುಟ್ಟದೆ ಬಿಡುವುದೇ ಕಷ್ಟ.

ಸೂಪರ್ ಗ್ಲೂ ಮೇಲಿನ ಸಿಟ್ಟು ಇಳಿದದ್ದು ಮಾನ್ವಿಯಲ್ಲಿ. ಶ್ರಾವಣ, ಕಾಲುವೆಗೆ ನೀರು ಬಿಟ್ಟಿದ್ದರು, ಊರ ಸುತ್ತ ನಾಟಿ ಮಾಡಿದ ಗದ್ದೆ, ಜಿಟಿಜಿಟಿ ಮಳೆ. ಭಾವನ ಮನೆಯ ಪಡಸಾಲೆಯಲ್ಲಿ ಕೂತು ಬಿದಿರುಕಡ್ಡಿಯ ಪುಟ್ಟ ಎತ್ತಿನಬಂಡಿ ಜೋಡಿಸುತ್ತಿದ್ದೆ. ರಾಯಚೂರಿನ ಬೇಸಿಗೆಯಲ್ಲಿ ಹಿಡಿಯಲು ಸತಾಯಿಸುತ್ತಿದ್ದ ಅದೇ ಅಂಟು ಅಲ್ಲಿ ಕಣ್ಣು ಮಿಟುಕಿಸುವುದರೊಳಗೆ ಕಚ್ಚಿತು. ಗಾಳಿಯ ತೇವವೇ ಅದನ್ನು ಗಟ್ಟಿ ಮಾಡುವುದು. ಒಣಹವೆಯಲ್ಲಿ ಮೆತ್ತಗೆ, ಹಸಿಹವೆಯಲ್ಲಿ ಚುರುಕು. ಬೆಳಗ್ಗೆ ನೋಡಿದರೆ ಬಂಡಿಯ ಕೀಲುಗಳಿಗೆಲ್ಲ ವಿಭೂತಿ ಬಳಿದಂತೆ ಬಿಳಿ ಪುಡಿ! ಹೆಚ್ಚು ಸುರಿದ ಅಂಟಿನ ಆವಿ ತೇವದ ಗಾಳಿಯಲ್ಲಿ ಗಟ್ಟಿಯಾಗಿ ಅಲ್ಲಲ್ಲೇ ಕೂತಿತ್ತು. ಅಳಿಯ ನೋಡಿ, ‘ಬಂಡಿ ಶ್ರೀಶೈಲಕ್ಕ ಹೊಂಟಾದೇನ್ ಮಾಮಾ?’ ಎಂದ. ಈಗ ಗುಂಡುಪಿನ್ನಿನ ಮೊನೆಯಲ್ಲಿ ಅದ್ದಿ ಮುಟ್ಟಿಸುತ್ತೇನೆ, ಅಷ್ಟೇ ಸಾಕು. ಸಂದಿ ಅಗಲವಿದ್ದರೆ ಮಿರ್ಚಿ ಹಿಟ್ಟಿಗೆ ಹಾಕುವ ಅಡುಗೆಸೋಡಾ ಒಂದು ಚಿಟಿಕೆ ತುಂಬಿ ಮೇಲೆ ಹನಿಸುತ್ತೇನೆ. ಕ್ಷಣದಲ್ಲಿ ಕಲ್ಲು.

ಈ ಅಂಟಿನ ರಾಸಾಯನಿಕ ಸಿಕ್ಕಿದ್ದು 1942ರಲ್ಲಿ. ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಅಮೆರಿಕದ ಹ್ಯಾರಿ ಕೂವರ್ ಕೈಗೆ. ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆಂದು ಬೇಸತ್ತು ಆಗ ಬದಿಗಿಟ್ಟಿದ್ದರು. ಅದು ಮಾರುಕಟ್ಟೆಗೆ ಬರಲು 1958 ಆಯಿತು. ಒಂದು ಎಚ್ಚರಿಕೆ: ಚೆಲ್ಲಿದರೆ ಹತ್ತಿಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಕಾದು ಹೊಗೆಯೇಳುತ್ತದೆ, ಚರ್ಮ ಸುಡುತ್ತದೆ. ಹತ್ತಿ ಬೆಳೆಯುವ ಜಿಲ್ಲೆಯವರಾದ ನಮಗೆ ಕೈಗೆ ಮೊದಲು ಸಿಗುವುದೇ ಅದು.

ದೇವದುರ್ಗದ ಅಜ್ಜಿಗೆ ಈ ಟ್ಯೂಬುಗಳೆಂದರೆ ನಗು. ಹುಣಸೆಬೀಜ ಹುರಿದು, ನೆನೆಸಿ, ಕೆಂಪು ಸಿಪ್ಪೆ ಉಜ್ಜಿ ತೆಗೆದು, ಒಳಗಿನ ಬಿಳಿ ಬೇಳೆ ರುಬ್ಬಿ, ಒಲೆಯ ಮೇಲೆ ತಿರುವುತ್ತ ಕೂತರೆ ಗಂಜಿಯಂಥ ಸರಿ. ಬೆರಳಿಗೆ ಹತ್ತಿದರೆ ನೂಲೆಳೆ ಬರಬೇಕು, ಅದು ಹದ. ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಕುಂಚದಿಂದ ಹೊಡೆಯುವುದೂ ಇದನ್ನೇ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಸೆಣಬಿನ ಪುಡಿ, ಮರದ ಹೊಟ್ಟು, ಇದೇ ಸರಿ ಕಲಸಿದ ಕಿಟ್ಟ ಹಚ್ಚಿ ಅಂಗಾಂಗ ತಿದ್ದುತ್ತಾರೆ. ನನ್ನ ಕೋಟೆಯ ಕಂದಕದ ಮಣ್ಣನ್ನು ಅಜ್ಜಿಯ ಸರಿಯಿಂದಲೇ ಮೆತ್ತಿದೆ. ಚೆನ್ನಾಗಿ ಹಿಡಿಯಿತು. ಇಲಿಗೂ ಚೆನ್ನಾಗಿ ಹಿಡಿಸಿತು, ಅದು ಬೇರೆ ಮಾತು.

ಗೋಡೆಗೆ ಹಚ್ಚಿದ ಕಲ್ಲುಚೂರುಗಳಿಗೆ ಎರಡು ಟ್ಯೂಬಿನ ಎಪಾಕ್ಸಿ. ಸಮಸಮ ಹಿಂಡಿ, ಬಣ್ಣ ಒಂದಾಗುವ ತನಕ ಕಲಸಬೇಕು. ನಮ್ಮ ಬಿಸಿಲಿಗೆ ಅದೂ ಅವಸರ ಮಾಡುತ್ತದೆ, ಹಾಗಾಗಿ ಒಮ್ಮೆಗೆ ಕಡಲೆಕಾಳಿನಷ್ಟೇ.

ರಾಯಚೂರಿನ ನಿಜವಾದ ಕೋಟೆಯ ಒಳಗೋಡೆಗೆ ಇದಾವುದೂ ಬೇಕಾಗಿಲ್ಲ. ಗಾರೆಯಿಲ್ಲ, ಸುಣ್ಣವಿಲ್ಲ, ಕೊರೆದು ಕೂರಿಸಿದ ಕಲ್ಲಿಗೆ ಕಲ್ಲೇ ಆಸರೆ. ಅದರ ಪಶ್ಚಿಮ ಭಾಗದಲ್ಲಿ 1294ರ ಶಾಸನವಿರುವ ಒಂಟಿ ಬಂಡೆಯ ಉದ್ದ 41 ಅಡಿ 8 ಅಂಗುಲ. ಅದನ್ನು ತಂದ ಬಗೆಯನ್ನೂ ಅಲ್ಲೇ ಗೋಡೆಗೆ ಕೊರೆದಿದ್ದಾರೆ: ತಗ್ಗಾದ ಉದ್ದನೆಯ ಬಂಡಿ, ಸಾಲು ಕೋಣಗಳು, ಗಾಲಿಗೆ ಸನ್ನೆಗೋಲು ಹಾಕಿ ಮೀಟುವ ಜನ.

41 ಅಡಿ 8 ಅಂಗುಲವೆಂದರೆ ಸರಿಯಾಗಿ 500 ಅಂಗುಲ. ನೂರಕ್ಕೊಂದರ ನನ್ನ ಅಳತೆಯಲ್ಲಿ 5. ಶಹಾಬಾದಿ ಫರ್ಸಿಯ ಚೂರೊಂದನ್ನು ವಾರಗಟ್ಟಲೆ ಉಜ್ಜಿ ಅಷ್ಟಕ್ಕೇ ತಂದು ಗೋಡೆಯಲ್ಲಿ ಕೂರಿಸಿದ್ದೇನೆ. ಅದೊಂದಕ್ಕೆ ಮಾತ್ರ ಅಂಟು ಹಾಕಿಲ್ಲ. ಮನೆಗೆ ಬಂದವರು ಕೋಟೆಯನ್ನು ಎರಡೂ ಕೈಯಲ್ಲಿ, ವಾಲಿಸದೆ ಎತ್ತಬೇಕು.