ಜ್ಯೂರಿಚ್ ಮಾತುಕತೆ (1997)

ಜ್ಯೂರಿಚ್ ಮಾತುಕತೆಯು ಭಾರತದ ಅಂದಿನ ಪ್ರಧಾನಮಂತ್ರಿ ಎಚ್. ಡಿ. ದೇವೇಗೌಡ ಮತ್ತು ನಾಗಾ ಸಶಸ್ತ್ರ ಸಂಘಟನೆಯ ನಾಯಕರಾದ ಐಸಾಕ್ ಚಿಶಿ ಸ್ವು ಹಾಗೂ ಥುಯಿಂಗಲೆಂಗ್ ಮುಯಿವಾ ಅವರ ನಡುವೆ 1997ರ ಫೆಬ್ರವರಿ 3ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ನಡೆದ ಭೇಟಿಯಾಗಿದೆ. ಸ್ವಾತಂತ್ರ್ಯದ ಕಾಲದಿಂದ ಮುಂದುವರಿದಿದ್ದ ನಾಗಾ ಸಂಘರ್ಷವನ್ನು ರಾಜಕೀಯ ಸಂವಾದದ ಮೂಲಕ ಕೊನೆಗೊಳಿಸುವ ಪ್ರಯತ್ನಗಳಲ್ಲಿ ಇದು ಒಂದು ಮುಖ್ಯ ಹಂತ. ಇದಾದ ಆರು ತಿಂಗಳೊಳಗೆ ಕದನ ವಿರಾಮ ಜಾರಿಗೆ ಬಂದಿತು. ದೇವೇಗೌಡರು ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು.

ಹಿನ್ನೆಲೆ

ನಾಗಾ ನ್ಯಾಷನಲ್ ಕೌನ್ಸಿಲ್ 1947ರ ಆಗಸ್ಟ್ 14ರಂದು ನಾಗಾ ಪ್ರದೇಶದ ಸ್ವಾತಂತ್ರ್ಯವನ್ನು ಘೋಷಿಸಿತು. ಭಾರತ ಸರ್ಕಾರವು ಇದನ್ನು ಒಪ್ಪಲಿಲ್ಲ. 1950ರ ದಶಕದ ಮಧ್ಯಭಾಗದಲ್ಲಿ ವಿವಾದವು ಸಶಸ್ತ್ರ ಸಂಘರ್ಷದ ರೂಪ ತಾಳಿತು. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಗೆ ಬಂದಿತು. 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ರಾಜ್ಯ ರಚನೆಯಾದರೂ ಹೋರಾಟ ನಿಲ್ಲಲಿಲ್ಲ.

1964ರಲ್ಲಿ ಜಯಪ್ರಕಾಶ ನಾರಾಯಣ, ಅಸ್ಸಾಂ ಮುಖ್ಯಮಂತ್ರಿ ಬಿಮಲಾ ಪ್ರಸಾದ್ ಚಲಿಹಾ ಮತ್ತು ಬ್ರಿಟಿಷ್ ಪಾದ್ರಿ ಮೈಕೆಲ್ ಸ್ಕಾಟ್ ಅವರನ್ನೊಳಗೊಂಡ ಶಾಂತಿ ನಿಯೋಗವು ಕದನ ವಿರಾಮವನ್ನು ಸಾಧ್ಯವಾಗಿಸಿತು. ಬಳಿಕ ಇಂದಿರಾ ಗಾಂಧಿ ಅವರೊಂದಿಗೆ ಹಲವು ಸುತ್ತಿನ ಮಾತುಕತೆ ನಡೆದರೂ ಒಮ್ಮತ ಮೂಡಲಿಲ್ಲ. 1975ರ ಶಿಲ್ಲಾಂಗ್ ಒಪ್ಪಂದವನ್ನು ವಿರೋಧಿಸಿದ ಸ್ವು, ಮುಯಿವಾ ಮತ್ತು ಎಸ್. ಎಸ್. ಖಪ್ಲಾಂಗ್ ಅವರು 1980ರಲ್ಲಿ ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್ (ಎನ್‌ಎಸ್‌ಸಿಎನ್) ಸಂಘಟನೆಯನ್ನು ಕಟ್ಟಿದರು. 1988ರಲ್ಲಿ ಅದು ಒಡೆದು ಐಸಾಕ್–ಮುಯಿವಾ ಬಣ ಮತ್ತು ಖಪ್ಲಾಂಗ್ ಬಣಗಳಾದವು.

ಮಾತುಕತೆಯ ಸ್ವರೂಪ

ಐಸಾಕ್–ಮುಯಿವಾ ಬಣವು ಮುಖ್ಯವಾಗಿ ಮೂರು ಬೇಡಿಕೆಗಳನ್ನು ಮುಂದಿಟ್ಟಿತ್ತು:

• ಮಾತುಕತೆಗೆ ಯಾವುದೇ ಪೂರ್ವಷರತ್ತು ಇರಬಾರದು.
• ಮಾತುಕತೆಯು ಪ್ರಧಾನಮಂತ್ರಿಯ ಮಟ್ಟದಲ್ಲಿ ನಡೆಯಬೇಕು.
• ಮಾತುಕತೆಯ ಸ್ಥಳವು ಮೂರನೆಯ ದೇಶದಲ್ಲಿರಬೇಕು.

ಈ ಬೇಡಿಕೆಗಳು ಸಮಸ್ಯೆಯ ಪರಿಹಾರಕ್ಕಿಂತ ಹೆಚ್ಚಾಗಿ ಸಂವಾದದ ವಿಧಾನಕ್ಕೆ ಸಂಬಂಧಿಸಿದವು. ಆದರೂ ಅವುಗಳಿಗೆ ರಾಜಕೀಯ ಮಹತ್ವವಿತ್ತು. ವಿದೇಶದಲ್ಲಿ ಮಾತುಕತೆ ನಡೆಸಿದರೆ ಆಂತರಿಕ ಪ್ರಶ್ನೆಗೆ ಅಂತಾರಾಷ್ಟ್ರೀಯ ಸ್ವರೂಪ ದೊರೆಯುತ್ತದೆ ಎಂಬುದು ಸರ್ಕಾರದ ಕಡೆಯ ಆತಂಕವಾಗಿದ್ದರೆ, ಸಮಾನ ನೆಲೆಯಲ್ಲಿ ಕುಳಿತು ಮಾತನಾಡಬೇಕು ಎಂಬುದು ನಾಗಾ ನಾಯಕರ ನಿಲುವಾಗಿತ್ತು.

1995ರ ಜೂನ್‌ನಲ್ಲಿ ಪಿ. ವಿ. ನರಸಿಂಹ ರಾವ್ ಅವರು ಪ್ಯಾರಿಸ್‌ನಲ್ಲಿ ಈ ನಾಯಕರನ್ನು ಭೇಟಿಯಾಗಿದ್ದರು. 1996ರ ಜೂನ್ 1ರಂದು ಸಂಯುಕ್ತ ರಂಗ ಸರ್ಕಾರದ ಪ್ರಧಾನಿಯಾದ ದೇವೇಗೌಡರು ಅದೇ ವರ್ಷದ ಅಕ್ಟೋಬರ್‌ನಲ್ಲಿ ಈಶಾನ್ಯ ರಾಜ್ಯಗಳಲ್ಲಿ ಪ್ರವಾಸ ಕೈಗೊಂಡು, 6,100 ಕೋಟಿ ರೂಪಾಯಿಗಳ ಅಭಿವೃದ್ಧಿ ಯೋಜನೆಯನ್ನು ಪ್ರಕಟಿಸಿದರು. ಕೇಂದ್ರ ಸಚಿವಾಲಯಗಳ ಯೋಜನಾ ವೆಚ್ಚದ ಶೇ. 10ರಷ್ಟನ್ನು ಈಶಾನ್ಯಕ್ಕೆ ಮೀಸಲಿಡುವ ನಿರ್ಧಾರವೂ ಇದೇ ಸಂದರ್ಭದ್ದು. ನವೆಂಬರ್‌ನಲ್ಲಿ ಕಾಂಗ್ರೆಸ್ ನಾಯಕ ರಾಜೇಶ್ ಪೈಲಟ್ ಅವರು ಬ್ಯಾಂಕಾಕ್‌ನಲ್ಲಿ ನಾಗಾ ನಾಯಕರನ್ನು ಕಂಡರು. ಇದರ ಬೆನ್ನಲ್ಲೇ ಜ್ಯೂರಿಚ್ ಭೇಟಿ ನಡೆಯಿತು.

ಕದನ ವಿರಾಮ

1997ರ ಏಪ್ರಿಲ್‌ನಲ್ಲಿ ದೇವೇಗೌಡರ ಸರ್ಕಾರವು ವಿಶ್ವಾಸಮತ ಕಳೆದುಕೊಂಡಿತು. ಪ್ರಧಾನಿ ಬದಲಾದರೂ ಸಂವಾದ ಕಡಿದುಹೋಗಲಿಲ್ಲ. ಐ. ಕೆ. ಗುಜ್ರಾಲ್ ಅವರು ಜುಲೈ 25ರಂದು ಕದನ ವಿರಾಮವನ್ನು ಘೋಷಿಸಿದರು. ಅದು ಆಗಸ್ಟ್ 1ರಿಂದ ಮೂರು ತಿಂಗಳ ಅವಧಿಗೆ ಜಾರಿಗೆ ಬಂದು, ಅನಂತರ ಮತ್ತೆ ಮತ್ತೆ ವಿಸ್ತರಣೆಗೊಂಡಿತು. 1998ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರೂ ಪ್ಯಾರಿಸ್‌ನಲ್ಲಿ ನಾಗಾ ನಾಯಕರೊಂದಿಗೆ ಚರ್ಚಿಸಿದರು. 2003ರ ಜನವರಿಯಲ್ಲಿ ಸ್ವು ಮತ್ತು ಮುಯಿವಾ ದೆಹಲಿಗೆ ಬಂದು ಮಾತುಕತೆ ನಡೆಸಿದರು.

ಉಳಿದ ಪ್ರಶ್ನೆಗಳು

ಮಾತುಕತೆಯ ವಿಧಾನ ಇತ್ಯರ್ಥವಾದರೂ ಮೂಲ ಪ್ರಶ್ನೆಗಳು ಉಳಿದುಕೊಂಡವು. ಅವುಗಳಲ್ಲಿ ಸಾರ್ವಭೌಮತ್ವ ಒಂದಾದರೆ, ನಾಗಾ ಜನವಸತಿ ಪ್ರದೇಶಗಳ ಏಕೀಕರಣ ಇನ್ನೊಂದು. ನಾಗಾ ಸಮುದಾಯಗಳು ನಾಗಾಲ್ಯಾಂಡ್ ಅಲ್ಲದೆ ಮಣಿಪುರ, ಅಸ್ಸಾಂ, ಅರುಣಾಚಲ ಪ್ರದೇಶ ಮತ್ತು ಮ್ಯಾನ್ಮಾರ್‌ನಲ್ಲಿಯೂ ಇವೆ. ಮುಯಿವಾ ಅವರೇ ಮಣಿಪುರದ ತಾಂಗ್‌ಖುಲ್ ಸಮುದಾಯದವರು. 2001ರ ಜೂನ್‌ನಲ್ಲಿ ಕದನ ವಿರಾಮವನ್ನು ಪ್ರಾದೇಶಿಕ ಮಿತಿಯಿಲ್ಲದೆ ವಿಸ್ತರಿಸಿದಾಗ, ತಮ್ಮ ರಾಜ್ಯದ ಗಡಿಗೆ ಧಕ್ಕೆಯಾಗುವುದೆಂಬ ಭೀತಿಯಿಂದ ಇಂಫಾಲದಲ್ಲಿ ಉಗ್ರ ಪ್ರತಿಭಟನೆ ನಡೆಯಿತು. ಜೂನ್ 18ರ ಗೋಲಿಬಾರಿನಲ್ಲಿ ಹಲವರು ಮೃತಪಟ್ಟರು. ಮುಂದಿನ ತಿಂಗಳು ಸರ್ಕಾರ ಆ ವಿಸ್ತರಣೆಯನ್ನು ಹಿಂತೆಗೆದುಕೊಂಡಿತು. ಎರಡು ಪಕ್ಷಗಳ ನಡುವಿನ ಒಪ್ಪಂದವು ನೆರೆಯವರ ಸಮ್ಮತಿಯಿಲ್ಲದೆ ನಿಲ್ಲಲಾರದು ಎಂಬುದನ್ನು ಈ ಘಟನೆ ತೋರಿಸಿತು.

2015ರ ಆಗಸ್ಟ್ 3ರಂದು ಸಂಧಾನಕಾರ ಆರ್. ಎನ್. ರವಿ ಮತ್ತು ಮುಯಿವಾ ಅವರು ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದರು. ಸ್ವು ಅವರು 2016ರ ಜೂನ್ 28ರಂದು ನಿಧನರಾದರು. ಪ್ರತ್ಯೇಕ ಧ್ವಜ ಮತ್ತು ಸಂವಿಧಾನದ ಬೇಡಿಕೆಗಳು ನಂತರದ ಮಾತುಕತೆಯಲ್ಲಿ ಪ್ರಮುಖ ಭಿನ್ನಾಭಿಪ್ರಾಯಗಳಾಗಿ ಮುಂದುವರಿದವು.