ಸ್ವಿಚ್ ಪೋರ್ಟಿನ ವೇಗ: ಗಣಕಜಾಲಕ್ಕೂ ಬೇಕು ತಾಳೆ ಪಟ್ಟಿ

ವರ್ಷಾಂತ್ಯದಲ್ಲಿ ದಾಸ್ತಾನು ಪುಸ್ತಕದ ಶಿಲ್ಕಿಗೂ ಗೋದಾಮಿನಲ್ಲಿ ಎಣಿಸಿದ ಸರಕಿಗೂ ವ್ಯತ್ಯಾಸ ಕಂಡುಬಂದರೆ ನಾವು ಪುಸ್ತಕವನ್ನೇ ನಂಬಿ ಸುಮ್ಮನಿರುವುದಿಲ್ಲ; ಗೋದಾಮಿಗೆ ಹೋಗಿ ಮತ್ತೊಮ್ಮೆ ಎಣಿಸುತ್ತೇವೆ. ಬ್ಯಾಂಕಿನ ಲೆಕ್ಕಕ್ಕೂ ನಮ್ಮ ನಗದು ಪುಸ್ತಕಕ್ಕೂ ಹೊಂದಾಣಿಕೆಯಾಗದಿದ್ದರೆ ತಾಳೆ ಪಟ್ಟಿ ತಯಾರಿಸುತ್ತೇವೆ. ಆದರೆ ಕಚೇರಿಯ ಗಣಕಜಾಲದ ವಿಷಯದಲ್ಲಿ ಈ ಶಿಸ್ತನ್ನು ನಾವು ಪಾಲಿಸುವುದಿಲ್ಲ ಎಂಬುದು ಇತ್ತೀಚಿನ ಒಂದು ಪ್ರಕರಣದಿಂದ ನನಗೆ ಮನವರಿಕೆಯಾಯಿತು. ತಂತ್ರಜ್ಞನಲ್ಲದ ಲೆಕ್ಕಪರಿಶೋಧಕನೊಬ್ಬ ಈ ವಿಷಯವನ್ನು ಸದಸ್ಯರ ಮುಂದಿಡಲು ಅದೇ ಕಾರಣ.

ನಡೆದ ಸಂಗತಿ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕಕ್ಷಿದಾರರೊಬ್ಬರ ಯಂತ್ರಭಾಗಗಳ ತಯಾರಿಕಾ ಘಟಕವಿದೆ. ಕೆಳ ಅಂತಸ್ತಿನಲ್ಲಿ ಲೇತ್ ಯಂತ್ರಗಳು ಹಾಗೂ ರವಾನೆ ವಿಭಾಗ. ಮೇಲಂತಸ್ತಿನಲ್ಲಿ ಕಚೇರಿ ಮತ್ತು ಸರ್ವರ್. ಕಚೇರಿಯ ಹಳೆಯ ಸ್ವಿಚ್‌ಗಳನ್ನು ತೆಗೆದು, ಕೇಂದ್ರ ಕಂಟ್ರೋಲರ್‌ನಿಂದ ನಿಯಂತ್ರಿಸಬಹುದಾದ ಹೊಸ ಸ್ವಿಚ್‌ಗಳನ್ನು ಅಳವಡಿಸಲಾಯಿತು. ಕಂಟ್ರೋಲರ್ ಎಂದರೆ ಎಲ್ಲ ಸ್ವಿಚ್‌ಗಳ ಸ್ಥಿತಿಯನ್ನು ಒಂದೇ ಪರದೆಯ ಮೇಲೆ ತೋರಿಸಿ, ಅಲ್ಲಿಂದಲೇ ಅವುಗಳಿಗೆ ಸೂಚನೆ ಕಳುಹಿಸುವ ವ್ಯವಸ್ಥೆ. ರವಾನೆ ವಿಭಾಗದ ಸ್ವಿಚ್ ಮಾತ್ರ ಹಳೆಯದೇ ಉಳಿಯಿತು.

ಅಂದಿನಿಂದ ಸಂಜೆ ನಾಲ್ಕು ಗಂಟೆಯ ನಂತರ ರವಾನೆ ವಿಭಾಗದಲ್ಲಿ ಬಿಲ್ಲು ಹಾಕುವುದು ದುಸ್ತರವಾಯಿತು. ಬಿಲ್ಲಿಲ್ಲದೆ, ₹50,000 ಮೀರಿದ ಸರಕಿಗೆ ಇ-ವೇ ಬಿಲ್ಲೂ ಇಲ್ಲದೆ ಲಾರಿ ಹೊರಡುವಂತಿಲ್ಲ. ಲಾರಿ ಚಾಲಕರ ಗೊಣಗಾಟ ಮಾಲೀಕರ ಕಿವಿಗೆ ಬಿತ್ತು. ಬಿಲ್ಲು ಹಾಕುವ ಗುಮಾಸ್ತ ಮೊಬೈಲ್ ನೋಡುತ್ತಾ ಕಾಲ ಕಳೆಯುತ್ತಾನೆಂದು ಅವರು ಭಾವಿಸಿ ಲಿಖಿತ ಎಚ್ಚರಿಕೆಯನ್ನೂ ಕೊಟ್ಟರು. ನಾನೂ ಪರಿಶೋಧನಾ ಟಿಪ್ಪಣಿಯಲ್ಲಿ 'ಬಿಲ್ಲಿಂಗ್ ವಿಳಂಬ, ಸಿಬ್ಬಂದಿಯ ಮೇಲ್ವಿಚಾರಣೆ ಅಗತ್ಯ' ಎಂದು ಬರೆದಿದ್ದೆ. ಎಚ್ಚರಿಕೆಯ ನಂತರವೂ ಪರಿಸ್ಥಿತಿ ಸುಧಾರಿಸದಿದ್ದಾಗ ಹೊಸ ಸರ್ವರ್ ಕೊಳ್ಳುವ ಯೋಚನೆ ಬಂದಿತು. ಸವಕಳಿಯ ಲೆಕ್ಕಾಚಾರಕ್ಕಾಗಿ ದರಪಟ್ಟಿ ನನ್ನ ಮೇಜಿಗೆ ಬಂದಿತು.

ಆಗ ಕೇವಲ ಅಭ್ಯಾಸಬಲದಿಂದ ಒಂದು ಪ್ರಶ್ನೆ ಕೇಳಿದೆ: ಅದೇ ಸರ್ವರಿನಿಂದ ಮೇಲಂತಸ್ತಿನಲ್ಲಿ ಬಿಲ್ಲು ಹಾಕಿದರೂ ಇಷ್ಟೇ ತಡವಾಗುತ್ತದೆಯೇ? ಇಲ್ಲ, ಮೇಲೆ ಯಾವ ತೊಂದರೆಯೂ ಇಲ್ಲ ಎಂಬ ಉತ್ತರ ಬಂದಿತು. ಸರ್ವರಿನದೇ ದೋಷವಾಗಿದ್ದರೆ ಎಲ್ಲರಿಗೂ ತೊಂದರೆಯಾಗಬೇಕಿತ್ತು. ಹಾಗಾದರೆ ದೋಷ ಇರುವುದು ಮೇಲಂತಸ್ತಿಗೂ ಕೆಳ ಅಂತಸ್ತಿಗೂ ನಡುವಿನ ದಾರಿಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ನಾವು ಹೊರಟಿದ್ದೆವು.

ದೋಷದ ಸ್ವರೂಪ

ಎರಡು ಸ್ವಿಚ್‌ಗಳನ್ನು ಕೇಬಲ್‌ನಿಂದ ಜೋಡಿಸಿದಾಗ ಅವು ಮೊದಲು ತಮ್ಮತಮ್ಮಲ್ಲೇ ಮಾತುಕತೆ ನಡೆಸಿ, ಸೆಕೆಂಡಿಗೆ 10, 100 ಅಥವಾ 1000 ಮೆಗಾಬಿಟ್‌ಗಳಲ್ಲಿ ಇಬ್ಬರಿಗೂ ಸಾಧ್ಯವಿರುವ ಗರಿಷ್ಠ ವೇಗವನ್ನು ಒಪ್ಪಿಕೊಳ್ಳುತ್ತವೆ. ಇದಕ್ಕೆ ಆಟೋ ನೆಗೋಷಿಯೇಷನ್ ಎಂದು ಹೆಸರು. ವೇಗದ ಜೊತೆಗೆ ಇನ್ನೊಂದು ಕರಾರೂ ಆಗುತ್ತದೆ: ಏಕಕಾಲದಲ್ಲಿ ಕಳುಹಿಸುತ್ತಲೂ ಸ್ವೀಕರಿಸುತ್ತಲೂ ಇರುವುದೇ, ಅಂದರೆ ಫುಲ್ ಡ್ಯೂಪ್ಲೆಕ್ಸ್, ಅಥವಾ ಸರದಿಯಂತೆ ಒಮ್ಮೆಗೆ ಒಂದೇ ದಿಕ್ಕಿನಲ್ಲಿ ನಡೆಯುವುದೇ, ಅಂದರೆ ಹಾಫ್ ಡ್ಯೂಪ್ಲೆಕ್ಸ್.

ನಮ್ಮ ಪ್ರಕರಣದಲ್ಲಿ ಕೆಳಗಿನ ಹಳೆಯ ಸ್ವಿಚ್‌ನ ಪೋರ್ಟನ್ನು ಹಿಂದೆ ಯಾರೋ '100, ಫುಲ್' ಎಂದು ಕೈಯಿಂದ ಬಿಗಿದಿಟ್ಟಿದ್ದರು. ಮೇಲಿನ ಹೊಸ ಸ್ವಿಚ್ 'ಆಟೋ' ಸ್ಥಿತಿಯಲ್ಲಿತ್ತು. ಹೀಗೆ ಒಂದು ತುದಿ ಮಾತುಕತೆಗೇ ಬಾರದಿದ್ದರೆ ಇನ್ನೊಂದು ತುದಿಯು ಸಂಕೇತವನ್ನು ನೋಡಿ 100ರ ವೇಗವನ್ನು ಊಹಿಸಬಲ್ಲುದು. ಆದರೆ ಡ್ಯೂಪ್ಲೆಕ್ಸ್ ತಿಳಿಯಲಾರದೆ ನಿಯಮದಂತೆ ಹಾಫ್ ಎಂದೇ ಭಾವಿಸುತ್ತದೆ. ಕೆಳಗಿನದು ಎದುರಿನವರನ್ನು ಲೆಕ್ಕಿಸದೆ ಕಳುಹಿಸುತ್ತದೆ. ಮೇಲಿನದು ಅದನ್ನು ಡಿಕ್ಕಿಯೆಂದು ಬಗೆದು ತನ್ನ ರವಾನೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಸಂಚಾರ ಕಡಿಮೆಯಿರುವ ಬೆಳಗಿನ ಹೊತ್ತು ಇದು ಗೊತ್ತಾಗುವುದಿಲ್ಲ. ತಂತ್ರಜ್ಞರು ಸಾಮಾನ್ಯವಾಗಿ ಮಾಡುವ 'ಪಿಂಗ್' ಪರೀಕ್ಷೆಯಲ್ಲಿಯೂ ಎಲ್ಲವೂ ಸರಿಯಾಗಿಯೇ ಕಾಣಬಹುದು. ಬಿಲ್ಲುಗಳ ಭರಾಟೆ ಹೆಚ್ಚಿದಾಗ ಮಾತ್ರ ಉಸಿರು ಕಟ್ಟುತ್ತದೆ.

ಕಂಟ್ರೋಲರ್ ಪರದೆಯಲ್ಲಿ ಆ ಪೋರ್ಟು ಚಾಲನೆಯಲ್ಲಿದೆ ಎಂದೇ ಕಾಣುತ್ತಿತ್ತು. 'ಆಟೋ' ಎಂಬ ನಿಗದಿಯನ್ನು ನೋಡಿ ಎಲ್ಲರೂ ತೃಪ್ತರಾಗಿದ್ದರು. ವಾಸ್ತವಿಕ ವೇಗ '100, ಹಾಫ್' ಎಂಬುದು ಇನ್ನೊಂದು ಪುಟದಲ್ಲಿತ್ತು. ಅದನ್ನು ಯಾರೂ ತೆರೆದು ನೋಡಿರಲಿಲ್ಲ.

ದುರಸ್ತಿಯಲ್ಲಿಯೂ ಒಂದು ಪಾಠ

ತಂತ್ರಜ್ಞರು ಮೊದಲು ಮೇಲಿನ ಸ್ವಿಚ್‌ಗೆ ನೇರವಾಗಿ ಪ್ರವೇಶಿಸಿ, ಅದನ್ನೂ '100, ಫುಲ್' ಎಂದು ಬದಲಿಸಿದರು. ಆ ಸಂಜೆ ಬಿಲ್ಲುಗಳು ಸರಾಗವಾಗಿ ಹೊರಬಿದ್ದವು. ಎರಡು ದಿನಗಳ ನಂತರ ಮತ್ತೆ ಹಳೆಯ ಕಥೆ. ಕಾರಣ ಸರಳ: ಯಾರೋ ಬೇರೊಂದು ಬದಲಾವಣೆ ಮಾಡಿದಾಗ ಕಂಟ್ರೋಲರ್ ತನ್ನಲ್ಲಿದ್ದ ನಿಗದಿಯನ್ನು ಸ್ವಿಚ್‌ಗೆ ಮತ್ತೆ ಕಳುಹಿಸಿ, ಕೈಯಿಂದ ಮಾಡಿದ ತಿದ್ದುಪಡಿಯನ್ನು ಅಳಿಸಿಹಾಕಿತ್ತು. ಖಾತಾ ಪುಸ್ತಕದಲ್ಲಿ ತಿದ್ದದೆ ಕೇವಲ ತಖ್ತೆಯಲ್ಲಿ ಅಂಕಿ ತಿದ್ದಿದರೆ ಮುಂದಿನ ತಿಂಗಳು ಅದೇ ವ್ಯತ್ಯಾಸ ಮರುಕಳಿಸುವುದಿಲ್ಲವೇ? ಹಾಗೆಯೇ ಇದು.

ಆಮೇಲೆ ಕೆಳಗಿನ ಸ್ವಿಚ್‌ನ ಬಿಗಿ ಸಡಿಲಿಸಿ ಎರಡೂ ತುದಿಗಳನ್ನು 'ಆಟೋ' ಮಾಡಲಾಯಿತು. ಎರಡೂ 1000ಕ್ಕೆ ಸಮರ್ಥವಾದ ಸ್ವಿಚ್‌ಗಳೇ ಆಗಿದ್ದರೂ ಸಂಪರ್ಕ 100ಕ್ಕೇ ನಿಂತಿತು. ಪರೀಕ್ಷಿಸಿದಾಗ ಯಂತ್ರಗಳ ಪಕ್ಕದ ಕೊಳವೆಯಲ್ಲಿ ಹಾದುಬಂದ ಕೇಬಲ್‌ನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಜೋಡಿ ತುಂಡಾಗಿತ್ತು. 100ರ ವೇಗಕ್ಕೆ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಹಿಂದೊಮ್ಮೆ ಸಂಪರ್ಕ ಕಡಿದುಹೋಗುತ್ತಿದ್ದಾಗ ಕೇಬಲ್ ಬದಲಿಸುವ ಬದಲು 100ಕ್ಕೆ ಬಿಗಿದು ಕೈತೊಳೆದುಕೊಂಡಿದ್ದರೆಂದು ತೋರುತ್ತದೆ. ಹೊಂದದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮರೆತಂತೆ! ಹೊಸ ಕೇಬಲ್ ಎಳೆದ ಮೇಲೆ ವೇಗ 1000ಕ್ಕೇರಿತು. ಸರ್ವರಿನ ದರಪಟ್ಟಿ ಕಡತ ಸೇರಿತು. ಮಾಲೀಕರು ಗುಮಾಸ್ತನಿಗೆ ಕೊಟ್ಟ ಎಚ್ಚರಿಕೆ ಪತ್ರವನ್ನು ಹಿಂಪಡೆದರು. ನಾನು ನನ್ನ ಟಿಪ್ಪಣಿಯನ್ನು ತಿದ್ದಿದೆ.

ಅಂಕಿಗಳಲ್ಲಿ ಹೇಳುವುದಾದರೆ

ಎಂಟು ಬಿಟ್‌ಗಳಿಗೆ ಒಂದು ಬೈಟ್. 1000 ಮೆಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್, 100ರಲ್ಲಿ 12.5, 10ರಲ್ಲಿ ಕೇವಲ 1.25 ಮೆಗಾಬೈಟ್ ಸಾಗುತ್ತದೆ. ಅಂದರೆ 2000 ಮೆಗಾಬೈಟ್‌ನ ಲೆಕ್ಕಪತ್ರಗಳ ಬ್ಯಾಕಪ್‌ಗೆ ಕ್ರಮವಾಗಿ 16 ಸೆಕೆಂಡು, 160 ಸೆಕೆಂಡು, ಸುಮಾರು 27 ನಿಮಿಷ. ಇವು ಕಾಗದದ ಮೇಲಿನ ಗರಿಷ್ಠ ಮಿತಿಗಳು. ವಾಸ್ತವದಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಡ್ಯೂಪ್ಲೆಕ್ಸ್ ಹೊಂದದಿದ್ದರಂತೂ 100ರ ಸಂಪರ್ಕವು 10ಕ್ಕಿಂತ ಕೆಳಗೆ ಕುಸಿದರೂ ಆಶ್ಚರ್ಯವಿಲ್ಲ.

ಸದಸ್ಯರು ಅನುಸರಿಸಬಹುದಾದ ಕ್ರಮ

1. ಪ್ರತಿ ಮುಖ್ಯ ಸಂಪರ್ಕಕ್ಕೂ ಒಂದು ತಾಳೆ ಪಟ್ಟಿ ಬರೆಸಿರಿ. ಎರಡೂ ತುದಿಗಳ ಸ್ವಿಚ್ ಹೆಸರು, ಪೋರ್ಟ್ ಸಂಖ್ಯೆ, ನಿಗದಿಪಡಿಸಿದ ವೇಗ, ವಾಸ್ತವಿಕ ವೇಗ, ಡ್ಯೂಪ್ಲೆಕ್ಸ್ ಎಂಬ ಅಂಕಣಗಳಿರಲಿ. ನಿಗದಿ ಬೇರೆ, ವಾಸ್ತವ ಬೇರೆ ಎಂಬುದೇ ಇಲ್ಲಿನ ಮುಖ್ಯ ಅಂಶ.

2. ಪೋರ್ಟಿನ ದೋಷಗಳ ಎಣಿಕೆಯನ್ನು ಗಮನಿಸಿರಿ. ಫುಲ್ ತುದಿಯಲ್ಲಿ ಸಿಆರ್‌ಸಿ ದೋಷಗಳೂ ಹಾಫ್ ತುದಿಯಲ್ಲಿ 'ಲೇಟ್ ಕೊಲಿಷನ್'ಗಳೂ ಏರುತ್ತಿದ್ದರೆ ಡ್ಯೂಪ್ಲೆಕ್ಸ್ ಹೊಂದಿಲ್ಲವೆಂದೇ ಅನುಮಾನಿಸಬೇಕು. ಹಳೆಯ ಮೊತ್ತ ಮುಖ್ಯವಲ್ಲ. ಕೆಲಸದ ಹೊತ್ತಿನಲ್ಲಿ ಒಂದು ಗಂಟೆಯ ಅವಧಿಯಲ್ಲಿ ಎಷ್ಟು ಏರಿತು ಎಂಬುದು ಮುಖ್ಯ.

3. ಎರಡೂ ತುದಿಗಳು 'ಆಟೋ' ಆಗಿರಲಿ. ಅನಿವಾರ್ಯವಾಗಿ 100ಕ್ಕೆ ಬಿಗಿಯಬೇಕಾದರೆ ಎರಡನ್ನೂ ಒಂದೇ ರೀತಿ ಬಿಗಿಯಿರಿ. ತಾಮ್ರದ ಕೇಬಲ್‌ನಲ್ಲಿ 1000ರ ವೇಗಕ್ಕೆ ಆಟೋ ನೆಗೋಷಿಯೇಷನ್ ಮಾನಕದಂತೆಯೇ ಕಡ್ಡಾಯ.

4. ಕೇಬಲ್, ಪೋರ್ಟ್, ಸ್ವಿಚ್ ಇವುಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನೋಡಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂಬುದೇ ತಿಳಿಯದು. ಕೊಳ್ಳುವಾಗ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬೇಡ. ಶುದ್ಧ ತಾಮ್ರದ್ದೇ ಇರಲಿ.

5. ಎರಡು ಕಟ್ಟಡಗಳ ನಡುವೆ ಫೈಬರ್ ಕೇಬಲ್ ಇದ್ದರೆ ಎರಡೂ ತುದಿಗಳ ಮಾಡ್ಯೂಲ್‌ಗಳ ವೇಗ ಒಂದೇ ಆಗಿರಬೇಕು. ಒಂದೆಡೆ 1 ಗಿಗಾಬಿಟ್, ಇನ್ನೊಂದೆಡೆ 10 ಗಿಗಾಬಿಟ್ ಎಂದಿದ್ದರೆ ತಾಮ್ರದಲ್ಲಿ ಆಗುವಂತೆ ತಾವಾಗಿಯೇ ಹೊಂದಿಕೊಳ್ಳುತ್ತವೆಂದು ನಂಬುವಂತಿಲ್ಲ.

6. ಬದಲಾವಣೆಯನ್ನು ಕಂಟ್ರೋಲರ್ ಮೂಲಕವೇ ಮಾಡಿಸಿ, ಅದು ಸ್ವಿಚ್‌ಗೆ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಅದಕ್ಕೂ ಮೊದಲು ಕಂಟ್ರೋಲರ್‌ನ ನಿಗದಿಗಳ ಪ್ರತಿಯೊಂದನ್ನು ತೆಗೆದಿಡಿರಿ.

7. ದೂರದ ಸ್ವಿಚ್‌ಗೆ ಹೋಗುವ ಸಂಪರ್ಕವನ್ನು ಬದಲಿಸುವಾಗ ಮೊದಲು ದೂರದ ತುದಿ, ಆಮೇಲೆ ಹತ್ತಿರದ ತುದಿ. ಹತ್ತಿರದ್ದನ್ನು ಮೊದಲು ಬದಲಿಸಿ ಸಂಪರ್ಕ ಕಡಿದರೆ ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ.

8. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಇಂತಹ ಪ್ರಯೋಗ ಬೇಡ.

ಒಂದು ಮಾತನ್ನು ಸೇರಿಸಬೇಕು. 100 ಎಂದು ಕಂಡುಬಂದ ಪೋರ್ಟೆಲ್ಲವೂ ದೋಷಪೂರಿತವಲ್ಲ. ಹಾಜರಾತಿ ಯಂತ್ರ, ಹಳೆಯ ಪ್ರಿಂಟರ್ ಮೊದಲಾದ ಅನೇಕ ಸಾಧನಗಳ ಸಾಮರ್ಥ್ಯವೇ ಅಷ್ಟು. ಅಲ್ಲಿ '100, ಫುಲ್' ಇದ್ದರೆ ಚಿಂತೆಗೆ ಕಾರಣವಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ

ಹಾಳಾದ ಕೇಬಲ್ ಬದಲಿಸಿದ ವೆಚ್ಚ ಸಾಮಾನ್ಯವಾಗಿ ದುರಸ್ತಿಯ ವೆಚ್ಚ. ಹೊಸ ಸ್ವಿಚ್ ಅಥವಾ ಸರ್ವರ್ ಆಸ್ತಿ. ಕಂಪನಿಗಳ ಕಾಯ್ದೆ 2013ರ ಎರಡನೆಯ ಅನುಸೂಚಿಯು ಸರ್ವರ್ ಹಾಗೂ ಜಾಲ ಸಾಧನಗಳಿಗೆ 6 ವರ್ಷ, ಮೇಜಿನ ಮೇಲಿನ ಗಣಕಯಂತ್ರ ಮತ್ತು ಲ್ಯಾಪ್‌ಟಾಪ್‌ಗಳಿಗೆ 3 ವರ್ಷ ಬಾಳಿಕೆಯನ್ನು ಸೂಚಿಸುತ್ತದೆ. ಆದ್ದರಿಂದ ಕಂಪನಿಯಾಗಿರುವ ಸದಸ್ಯರು ಇವನ್ನು ಒಂದೇ ಶೀರ್ಷಿಕೆಯಡಿ ಬೆರೆಸದಿರುವುದು ಒಳಿತು. ಆದರೆ ಸವಕಳಿ ಸಿಗುತ್ತದೆಂಬ ಕಾರಣಕ್ಕೆ ಬೇಡದ ಸರ್ವರನ್ನು ಕೊಳ್ಳುವುದು ಜಾಣತನವಲ್ಲ.

ನಮ್ಮ ಬಿಲ್ಲು, ತೆರಿಗೆ, ದಾಸ್ತಾನು, ಸಂಬಳ ಎಲ್ಲವೂ ಇಂದು ಈ ತಂತಿಗಳ ಮೂಲಕವೇ ಹಾಯುತ್ತವೆ. ಗಣಕಜಾಲದ ವಾರ್ಷಿಕ ನಿರ್ವಹಣೆಯ ಗುತ್ತಿಗೆ ನವೀಕರಿಸುವ ಮುನ್ನ ಮೇಲೆ ಹೇಳಿದ ತಾಳೆ ಪಟ್ಟಿಯನ್ನು ಗುತ್ತಿಗೆದಾರರಿಂದ ಕೇಳಿ ಪಡೆಯಿರಿ. ಕೆಲಸ ತಡವಾಯಿತೆಂದು ನೌಕರನಿಗೆ ನೋಟಿಸು ಬರೆಯುವ ಮುನ್ನ ಅವನ ಮೇಜಿನಿಂದ ಸರ್ವರಿನವರೆಗಿನ ದಾರಿಯನ್ನೊಮ್ಮೆ ಪರಿಶೀಲಿಸಿರಿ. ಆ ಗುಮಾಸ್ತನಿಗೆ ನಾವು ಆ ನ್ಯಾಯವನ್ನು ತಡವಾಗಿ ಒದಗಿಸಿದೆವು.