ಹಿಡಿದು ಬಿಟ್ಟ ಮೀನು

ಅಮೆರಿಕದ ಕೊಲೊರಾಡೊಗೆ ಹೊರಡುವ ಮುನ್ನ, ಅಲ್ಲಿರುವ ಮಿತ್ರನ ತಾಯಿಯನ್ನು ಕಂಡು ಬರಲು ಹೋಗಿದ್ದೆ. ಮಗನಿಗೆಂದು ಹಪ್ಪಳ, ಚಟ್ನಿಪುಡಿಗಳನ್ನು ಕಟ್ಟಿಕೊಟ್ಟ ಆ ವೃದ್ಧೆ ಬಾಗಿಲವರೆಗೂ ಬಂದು ಮೆಲ್ಲನೆ ಕೇಳಿದರು: "ಅವನು ಅಲ್ಲಿ ಮೀನು ಹಿಡಿಯುತ್ತಾನಂತಲ್ಲ, ತಿನ್ನುತ್ತಾನೇನಪ್ಪ? ನೀನೇ ಕಣ್ಣಾರೆ ನೋಡಿ ಬಂದು ಹೇಳು." ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕದೆ ಹಿಂದಿರುಗದ ಜೀವ ಅದು. ಹೀಗೆ ನನ್ನ ಪ್ರವಾಸಕ್ಕೆ ಗೂಢಚಾರನ ಕೆಲಸವೂ ಅಂಟಿಕೊಂಡಿತು.

ಜನವರಿಯ ಒಂದು ಮುಂಜಾನೆ ಡೆನ್ವರ್ ನಗರದಿಂದ ಹೊರಟು ಸೌತ್ ಪ್ಲ್ಯಾಟ್ ನದಿಯ ಚೀಸ್‌ಮನ್ ಕಮರಿಯನ್ನು ಸೇರಿದೆವು. ದಾರಿಯುದ್ದಕ್ಕೂ ಹಿಮ. ಇಂಥ ಚಳಿಯಲ್ಲಿ ನದಿಯೇ ಹೆಪ್ಪುಗಟ್ಟಿರಬೇಕಲ್ಲ ಎಂದುಕೊಂಡಿದ್ದ ನನಗೆ, ಬಂಡೆಗಳ ನಡುವೆ ತಿಳಿನೀರು ಹರಿಯುತ್ತಿದ್ದುದು ಅಚ್ಚರಿಯನ್ನುಂಟುಮಾಡಿತು. ಇದರ ಗುಟ್ಟು ಮೇಲಿನ ಅಣೆಕಟ್ಟಿನಲ್ಲಿದೆ. 1905ರಲ್ಲಿ ಪೂರ್ಣಗೊಂಡ, 221 ಅಡಿ ಎತ್ತರದ ಈ ಕಲ್ಲಿನ ಕಟ್ಟೆ ಡೆನ್ವರಿಗೆ ನೀರು ಕೂಡಿಡುತ್ತದೆ. ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಆದ್ದರಿಂದ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದ ನೀರು ಅಷ್ಟು ಬೆಚ್ಚಗಿರುತ್ತದೆ. ಆಳದಿಂದ ಹೊರಬಿಟ್ಟ ಆ ನೀರೇ ಕಮರಿಯಲ್ಲಿ ಟ್ರೌಟ್ ಮೀನುಗಳನ್ನು ಚಳಿಗಾಲವಿಡೀ ಕಾಪಾಡುತ್ತದೆ.

ಟ್ರೌಟ್ ನಮಗೆ ತೀರ ಅಪರಿಚಿತವೇನಲ್ಲ. ಬ್ರಿಟಿಷರು ಅದನ್ನು ನಮ್ಮ ನೆರೆಯ ನೀಲಗಿರಿಗೂ ತಂದು ಬಿಟ್ಟಿದ್ದರು. ಸೌತ್ ಪ್ಲ್ಯಾಟಿನಲ್ಲಿಯೂ ಅದು ನೆಂಟನೇ ಸರಿ. ಮೈಮೇಲೆ ಕೆಂಪು ಪಟ್ಟೆಯುಳ್ಳ ಕಾಮನಬಿಲ್ಲು ಟ್ರೌಟ್ ಪೆಸಿಫಿಕ್ ಕರಾವಳಿಯ ನದಿಗಳದು. ಕಂದು ಟ್ರೌಟ್ ಯೂರೋಪಿನದು.

ಈ ನೆಂಟರು ಕಂಡ ಕಷ್ಟವೂ ಸಣ್ಣದಲ್ಲ. 2002ರ ಬೇಸಗೆಯಲ್ಲಿ ಹೇಮನ್ ಕಾಳ್ಗಿಚ್ಚು ಸುತ್ತಣ ಸುಮಾರು 1,38,000 ಎಕರೆಯನ್ನು ಸುಟ್ಟಿತು. ಬೇರಿನ ಹಿಡಿತ ತಪ್ಪಿದ ಬೆಟ್ಟಗಳಿಂದ, ಮಳೆ ಬಂದಾಗಲೆಲ್ಲ ಬೂದಿಯೂ ಗರಸುಮಣ್ಣೂ ನದಿಗಿಳಿದವು. "ಈಗ ಇಷ್ಟಾದರೂ ತಿಳಿಯಾಗಿದೆಯಲ್ಲ, ಅದೇ ನಮ್ಮ ಪುಣ್ಯ," ಎಂದು ಮಿತ್ರ ನೀರನ್ನೇ ನೋಡುತ್ತ ಹೇಳಿದ.

ಎದೆಮಟ್ಟದ ರಬ್ಬರು ಉಡುಪು ತೊಟ್ಟು ನೀರಿಗಿಳಿದೆವು. ನಮ್ಮೂರ ಗಾಳಕ್ಕೆ ಎರೆಹುಳು ಬೇಕು. ಇಲ್ಲಿ ನೂಲು, ಗರಿ, ತಾಮ್ರದ ತಂತಿಗಳಿಂದ ಕಟ್ಟಿದ ಹುಸಿನೊಣ. ಚಳಿಗಾಲದಲ್ಲಿ ಈ ನದಿಯ ಮೀನಿಗೆ ಮುಖ್ಯ ಆಹಾರ ಗುಂಗುರುಹುಳುವಿನ ಮರಿಗಳು. ಆದ್ದರಿಂದ ನೊಣವೂ ಅಕ್ಕಿಕಾಳಿಗಿಂತ ದೊಡ್ಡದಿರಬಾರದು. ಇಷ್ಟು ಹಗುರವಾದುದನ್ನು ದೂರಕ್ಕೆ ಎಸೆಯಲಾಗದು. ಎಸೆಯುವುದು ದಪ್ಪನೆಯ ದಾರವನ್ನು. ನೊಣ ಅದರ ಬೆನ್ನಿಗೆ ಹೋಗುತ್ತದೆ. ತಣ್ಣೀರಿನಲ್ಲಿ ಮೀನಿನ ಮೈ ಜಡವಾಗಿರುವುದರಿಂದ ಅದು ತುತ್ತನ್ನರಸಿ ಹೆಚ್ಚು ದೂರ ಬರುವುದಿಲ್ಲ. ನೊಣವೇ ಪ್ರವಾಹದೊಡನೆ ತೇಲುತ್ತ ಅದರ ಬಾಯ ಬಳಿಗೆ ಹೋಗಬೇಕು. ದಾರದಲ್ಲಿ ಕಟ್ಟಿದ ಪುಟ್ಟ ಬೆಂಡು ತುಸು ನಿಂತಂತಾದರೆ, ಮೀನು ಮುಟ್ಟಿತೆಂದು ತಿಳಿಯಬೇಕು.

ಮೂರು ಗಂಟೆ ಕಳೆದರೂ ಬೆಂಡು ನಿಲ್ಲಲಿಲ್ಲ. ಗಾಳದ ಕೋಲಿನ ಬಳೆಗಳಲ್ಲಿ ಮಂಜು ಕಟ್ಟುತ್ತಿತ್ತು. ಮತ್ತೆ ಮತ್ತೆ ನೀರಲ್ಲದ್ದಿ ಕರಗಿಸಬೇಕು. ನನ್ನ ಗೂಢಚರ್ಯೆ ಮಾತ್ರ ಬೇಗ ಮುಗಿಯಿತು. ಕಮರಿಯ ಈ ಭಾಗದಲ್ಲಿ ಹಿಡಿದ ಟ್ರೌಟನ್ನು ಕೂಡಲೇ ನೀರಿಗೆ ಬಿಡಬೇಕೆಂಬುದು ಕಾನೂನು.

"ತಿನ್ನದ ಮೇಲೆ ಹಿಡಿಯುವುದೇಕೆ?" ಎಂದೆ.

"ನಾವು ಕೊಡುವ ಪರವಾನಗಿ ಹಣ ಇಂಥ ನೀರಿನ ಮೀನುಗಳ ರಕ್ಷಣೆಗೂ ಹೋಗುತ್ತದೆ."

"ಅದು ನದಿಯ ಮಾತಾಯಿತು. ಮೀನಿನ ಮಾತೇನು?"

ಅವನು ತುಸು ಹೊತ್ತು ಸುಮ್ಮನಿದ್ದು, "ಅದಕ್ಕೆ ನನ್ನಲ್ಲಿ ಉತ್ತರವಿಲ್ಲ ಮಾರಾಯ. ಅದಕ್ಕೇ ಬೇಗ ಬಿಟ್ಟುಬಿಡುತ್ತೇನೆ," ಎಂದ.

ಆಗಲೇ ನನ್ನ ಬೆಂಡು ನಿಂತಿತು. ಕೋಲೆತ್ತಿದೆ, ಎದೆ ಝಲ್ಲೆಂದಿತು. ಮಿತ್ರ ಬಲೆಯನ್ನು ಅಡ್ಡಹಿಡಿದಾಗ ಒಂದೂವರೆ ಗೇಣಿನ ಕಾಮನಬಿಲ್ಲು ಅದರಲ್ಲಿ ಹೊಳೆಯಿತು. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಒತ್ತಿ ಮಟ್ಟ ಮಾಡಿದ್ದರಿಂದ ಅದು ಸಲೀಸಾಗಿ ಕಳಚಿತು. ಕೈ ಒದ್ದೆ ಮಾಡಿಕೊಂಡು ಮೀನನ್ನೆತ್ತಿದೆ. "ಒಂದೇ ಒಂದು ಚಿತ್ರ ತೆಗೆ," ಎಂದೆ. ಚಳಿಗೆ ಅವನ ಫೋನು ಕೆಲಸ ಮಾಡಲಿಲ್ಲ. "ನೀರಿಗೆ ಬಿಡು, ಕಿವಿರು ಹೆಪ್ಪುಗಟ್ಟುತ್ತದೆ," ಎಂದ. ನಾನು ಬಿಡಲಿಲ್ಲ, ನನ್ನ ಜೇಬಿನಲ್ಲಿದ್ದ ಫೋನು ತೆಗೆಯೆಂದೆ. ಚಿತ್ರ ಬಂತು. ಆದರೆ ನೀರಿಗೆ ಬಿಟ್ಟ ಮೀನು ಮಗುಚಿ, ಬಿಳಿಯ ಹೊಟ್ಟೆ ತೋರಿಸಿತು.

ಆನೆ, ಜಿಂಕೆ, ಪತಂಗ, ದುಂಬಿ, ಮೀನು ಒಂದೊಂದು ಇಂದ್ರಿಯದ ಚಪಲದಿಂದ ಕೆಡುತ್ತವೆಂದೂ, ಮೀನು ಕೆಡುವುದು ನಾಲಗೆಯಿಂದೆಂದೂ ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಈ ಮೀನು ಕೆಟ್ಟದ್ದು ತನ್ನ ನಾಲಗೆಯಿಂದಷ್ಟೇ ಅಲ್ಲ, ನನ್ನ ಕಣ್ಣಿನ ಚಪಲದಿಂದಲೂ.

ಮಿತ್ರ ಕೈಗವುಸು ಕಳಚಿದ. ಮೊಣಕಾಲೂರಿ, ಮೀನನ್ನು ನೆಟ್ಟಗೆ ಹಿಡಿದು, ಅದರ ಮೋರೆಯನ್ನು ಪ್ರವಾಹಕ್ಕೆ ಎದುರಾಗಿಸಿದ. ಬಾಯಿಂದ ಒಳಹೊಕ್ಕ ನೀರು ಕಿವಿರಿನಿಂದ ಹರಿಯಬೇಕು; ಬೇರೆ ಮದ್ದಿಲ್ಲ. ಒಂದು ನಿಮಿಷ, ಎರಡು, ಐದು. ಅವನ ಬೆರಳುಗಳು ಕೆಂಪಾದವು. ನನ್ನನ್ನು ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಹಗುರವೆನಿಸುತ್ತಿತ್ತು. ಕೊನೆಗೆ ಕಿವಿರು ಮೆಲ್ಲನೆ ತೆರೆದು ಮುಚ್ಚಿತು. ಬಾಲ ಒಮ್ಮೆ ಅಲುಗಿತು. ಕೈಯಿಂದ ಜಾರಿ, ಬಂಡೆಯ ನೆರಳಿಗೆ ಸರಿದು ಮರೆಯಾಯಿತು.

ಆಮೇಲೆ ನಾನು ಗಾಳ ಹಾಕಲಿಲ್ಲ. ಬಂಡೆಯ ಮೇಲೆ ಕುಳಿತು, ಅವನು ಎರಡು ಮೀನು ಹಿಡಿದುದನ್ನೂ ಅವೆರಡನ್ನೂ ನೀರಿನಿಂದ ಮೇಲೆತ್ತದೆಯೇ ಬಿಟ್ಟುದನ್ನೂ ನೋಡಿದೆ.

ಊರಿಗೆ ಬಂದು ಅವನ ತಾಯಿಗೆ ಎಲ್ಲವನ್ನೂ ಹೇಳಿದೆ. ಮಗ ಆ ಮೀನನ್ನು ತಿನ್ನುವುದಿಲ್ಲವೆಂದಾಗ ಅವರ ಮುಖ ಅರಳಿತು. ನನ್ನ ತಪ್ಪನ್ನು ಹೇಳಿಕೊಂಡಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿದ್ದ ಚಿತ್ರವನ್ನು ತೋರಿಸಲು ಹೋದೆ. ಅದನ್ನವರು ನೋಡಲಿಲ್ಲ.

"ಈಜಿಕೊಂಡು ಹೋಯಿತು ತಾನೆ?" ಎಂದಷ್ಟೇ ಕೇಳಿದರು.